ಗುಂಡಿಯೊಳಗೆ ಸಿಗ್ನಲ್ ಇಲ್ಲ

ಅಲ್ಲ, ಹಾಗೆ ಬಾಗಿಲಲ್ಲಿ ನಿಂತು ಕತ್ತು ಬಗ್ಗಿಸಿದರೆ ಆಗಲ್ಲ. ಬಾಯಿಬಿಟ್ಟು ಹೇಳು. ‘ಅತ್ತಿಗೆ, ನಾಳೆ ವಿಚಾರಣೆಯಲ್ಲಿ ನನ್ನನ್ನ ಉಳಿಸಿ’ ಅಂತ ಹೇಳು. ಆಮೇಲೆ ಉಳಿಸಬೇಕೋ ಬೇಡವೋ ನೋಡ್ತೀನಿ.

ಹೇಳಲ್ವಾ? ಸರಿ. ಕೂತ್ಕೋ. ಆ ಡಬ್ಬದ ಮೇಲೆ ಬೇಡ, ಮುಚ್ಚಳ ಸಡಿಲ, ಒಳಗೆ ಗ್ರೀಸ್ ಇದೆ. ಈಗ ಅದು ಬರೀ ಪ್ಯಾಂಟಲ್ಲ, ಲಿಫ್ಟುಗಳ ಮುಖ್ಯ ಪರೀಕ್ಷಕರ ಪ್ಯಾಂಟು. ಸ್ಟೂಲ್ ಎಳ್ಕೋ.

ನಾನು ಈ ಟಾರ್ಚು, ಸ್ಪ್ಯಾನರು ಒರೆಸ್ತಾನೇ ಮಾತಾಡ್ತೀನಿ. ಮೇಲಿನವರು ಬಂದಾಗ ಎದ್ದು ನಿಲ್ಲಬೇಕು, ಗೊತ್ತು. ಆದರೆ ಇವತ್ತು ರಜೆ. ರಜೆ ದಿನ ಈ ಸಾಮಾನು ಕೋಣೆಯಲ್ಲಿ ನೀನು ಸಾಹೇಬನಲ್ಲ, ನನ್ನ ಗಂಡನ ತಮ್ಮ. ಎಂಟನೇ ಕ್ಲಾಸಲ್ಲಿ ಗಣಿತಕ್ಕೆ ಹನ್ನೊಂದು ತಗೊಂಡು, ಅಣ್ಣನಿಗೆ ಹೆದರಿ, ನನ್ನ ಕೈಲಿ ಸಹಿ ಹಾಕಿಸ್ಕೊಂಡವನು.

ಯಾಕೆ ನಗ್ತೀಯ? ... ನಗಲಿಲ್ವಾ? ನಕ್ಕ ಹಾಗಿತ್ತು.

ಆಸ್ಪತ್ರೆಗೆ ಹೋಗಿದ್ಯಾ? ಅದೇ, ಆ ಹೊಲಿಗೆಯವಳನ್ನ ನೋಡೋಕೆ. ಹೋಗಿದ್ದೆ ಅಂತೀಯ... ಹ್ಞೂಂ. ಹೋಗಲೇಬೇಕಲ್ಲ, ಆ ಲಿಫ್ಟು ಸರಿಯಿದೆ ಅಂತ ಬರೆದ ಕಾಗದದಲ್ಲಿ, ಅದರ ಅಡಿಯ ಗುಂಡಿಯ ಭಾಗಕ್ಕೆ ಇರೋ ಸಹಿ ನಿಂದು. ಅವಳಿದ್ದ ಲಿಫ್ಟು ನಾಲ್ಕನೇ ಮಹಡಿಯಿಂದ ಜಾರಿ ತಳದ ಸ್ಪ್ರಿಂಗ್ ಮೇಲೆ ಬಿದ್ದಿದೆ. ಎರಡೂ ಹಿಮ್ಮಡಿ ಪುಡಿಪುಡಿ. ಇಪ್ಪತ್ತು ವರ್ಷ ಕಾಲಲ್ಲಿ ತುಳಿದು ಮಿಷನ್ ನಡೆಸಿದವಳಂತೆ. ಇನ್ನು ಅವಳು ಏನು ತುಳಿಯೋದು?

ನಾನಾ? ನಾನು ಯಾಕೆ ಹೋಗಲಿ. ಮೇಲಿನ ಭಾಗ ನಂದು. ಮೋಟಾರು, ಹಗ್ಗ, ಬ್ರೇಕು. ಬ್ರೇಕು ಅವತ್ತು ಚೆನ್ನಾಗಿತ್ತು, ಹದಿನಾಲ್ಕು ವಾರದಲ್ಲಿ ಎಣ್ಣೆ ಸೋರಿ ಕೆಟ್ಟಿದೆ. ಕೆಡುತ್ತೆ. ಬ್ರೇಕು ಕೆಟ್ಟರೂ ಜನ ಸಾಯಬಾರದು ಅಂತಾನೇ ಅಲ್ವಾ ಪೆಟ್ಟಿಗೆಯ ಅಡಿಯಲ್ಲಿ ಕ್ಲಾಂಪ್ ಇಟ್ಟಿರೋದು? ಲಿಫ್ಟು ಜಾರಿದರೆ ಎರಡು ದವಡೆ ಎರಡು ಕಡೆಯ ಕಂಬಿ ಕಚ್ಚಿ ಹಿಡೀಬೇಕು. ಹಿಡೀಲಿಲ್ಲ. ಆ ಕ್ಲಾಂಪು ಕಾಣೋದು ಗುಂಡಿಗಿಳಿದವನಿಗೆ ಮಾತ್ರ. ಗುಂಡಿ ಯಾರದು? ನಿಂದು. ಮುಗೀತು.

ನಾಳೆ ನಾನು ಏನು ಹೇಳ್ತೀನಿ ಅಂತ ಕೇಳಿಸ್ಕೋ. ಮುಚ್ಚಿಡೋಕೆ ಏನಿದೆ. ಅವತ್ತು ಬೆಳಿಗ್ಗೆ ನೀನು ದವಡೆಗೆ ಕೈ ಒತ್ತಿಕೊಂಡು ಅಡುಗೆಮನೆಗೆ ಬಂದೆ. ‘ಅತ್ತಿಗೆ, ಹಲ್ಲು ಸಾಯ್ತಾ ಇದೆ, ಡಾಕ್ಟರ ಹತ್ರ ಹೋಗ್ತೀನಿ’ ಅಂದೆ. ನಾನು ಉಪ್ಪು ಹಾಕಿ ಬಿಸಿನೀರು ಕೊಟ್ಟೆ. ಮುಕ್ಕಳಿಸಿದೆ ಕೂಡ, ಕಳ್ಳ. ಆಮೇಲೆ ಇಸ್ತ್ರಿ ಶರ್ಟು ಹಾಕ್ಕೊಂಡು ಹೊರಟೆ. ಹಲ್ಲು ಕೀಳಿಸ್ಕೊಳ್ಳೋಕೆ ಯಾರಾದ್ರೂ ಇಸ್ತ್ರಿ ಶರ್ಟು ಹಾಕ್ತಾರಾ? ನನಗೆ ಆಗಲೇ ಹೊಳೀಬೇಕಿತ್ತು.

ಹೋಗಿದ್ದು ದೊಡ್ಡ ಕಚೇರಿಗೆ. ಸಂದರ್ಶನಕ್ಕೆ. ಮುಖ್ಯ ಪರೀಕ್ಷಕನ ಹುದ್ದೆಗೆ. ಆ ಹುದ್ದೆ ಖಾಲಿ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ, ನೀನೂ ಹೇಳಲಿಲ್ಲ. ಹತ್ತೂವರೆಗೆ ಅಲ್ಲಿನ ಬಾಗಿಲಿನ ಪುಸ್ತಕದಲ್ಲಿ ಸಹಿ ಹಾಕಿದ್ದೀಯ, ಹನ್ನೆರಡೂ ಹತ್ತಕ್ಕೆ ಹೊರಗೆ ಬಂದಿದ್ದೀಯ. ನಾನು ಹೋಗಿ ನೋಡಿ ಬಂದೆ, ಫೋಟೋನೂ ತಗೊಂಡೆ. ಇಲ್ಲಿ ನಿನ್ನ ಭಾಗದ ವರದಿ ಹೋದ ಹೊತ್ತು, ಹನ್ನೊಂದು ಹತ್ತು. ಅಂದರೆ, ಸಾಹೇಬ್ರು ಗುಂಡಿಗಿಳೀದೇನೇ ಗುಂಡಿ ಸರಿಯಿದೆ ಅಂತ ಬರೆದಿದ್ದಾರೆ. ಅಷ್ಟೇ ಸಾಕು. ಬೇರೆ ಒಂದು ಮಾತೂ ಆಡಲ್ಲ ನಾನು. ಕೆಲಸ ಹೋಗುತ್ತೆ, ಪರವಾನಗಿ ಹೋಗುತ್ತೆ. ಕೇಸ್ ಹಾಕಿದರೆ ಜೈಲೂ ಆಗಬಹುದು. ಆಗಲಿ.

ಹೀಗೆ ನೋಡಬೇಡ ನನ್ನ. ನೀನು ಮಾಡಿದ್ದು ಕಮ್ಮಿನಾ?

ಅರ್ಜಿಯಲ್ಲಿ ಏನು ಬರೆದಿದ್ದೆ ಹೇಳು. ನಾನೇ ಹೇಳ್ತೀನಿ, ಬಾಯಿಪಾಠ ಆಗಿದೆ. ‘ನನ್ನ ಜೊತೆಗಾರ್ತಿ ಅನುಭವಸ್ಥರು, ಆದರೆ ನಿಧಾನ. ಹೊಸ ಉಪಕರಣಗಳಿಗೆ ಹೊಂದಿಕೊಳ್ಳಲು ಅವರಿಗೆ ಕಷ್ಟ. ವೈಯಕ್ತಿಕ ಫೋನಿನ ಸಂಪರ್ಕವನ್ನೇ ಅವಲಂಬಿಸಿ ಕೆಲಸ ಮಾಡುವ ಹಳೆಯ ಪದ್ಧತಿ ಬದಲಾಗಬೇಕು.’

ವೈಯಕ್ತಿಕ ಫೋನಿನ ಸಂಪರ್ಕ. ಯಾರ ಫೋನು ಅದು? ಯಾರ ಸಂಪರ್ಕ?

ಕಚೇರಿಯವರು ಟ್ಯಾಬ್ ಕೊಟ್ಟರು, ಸಿಮ್ ಹಾಕೋ ಜಾಗವೇ ಇಲ್ಲದ್ದು. ನೆಟ್ ಬೇಕಾದರೆ ಫೋನಿಂದ ತಗೊಳ್ಳಿ ಅಂದರು. ನಿನ್ನ ಫೋನಿನ ಡೇಟಾ ಬೆಳಿಗ್ಗೆ ಹತ್ತಕ್ಕೇ ಖಾಲಿ, ಕ್ರಿಕೆಟ್ ನೋಡಿ ನೋಡಿ. ಎರಡು ವರ್ಷ ನಿನ್ನ ಟ್ಯಾಬು ನನ್ನ ಫೋನಿಂದ ಉಂಡಿತು. ನನ್ನ ಫೋನು ಕಾದು ಕಾದು ಹೆಂಚಾಗ್ತಿತ್ತು. ಮಧ್ಯಾಹ್ನಕ್ಕೆ ಬ್ಯಾಟರಿ ಸತ್ತಿರುತ್ತಿತ್ತು. ನಿಮ್ಮಣ್ಣ ಮನೆಯಿಂದ ಫೋನು ಮಾಡಿ ಮಾಡಿ, ಸಿಗದೆ, ಬೈತಿದ್ದರು. ನಾನು ಒಂದು ದಿನ ಹಾಟ್‌ಸ್ಪಾಟ್ ಆರಿಸಿದ್ದು ಉಂಟಾ? ‘ಅತ್ತಿಗೆ, ನೆಟ್ಟು’ ಅಂತ ನೀನು ಕೂಗೋದು, ನಾನು ಒತ್ತೋದು. ಹಸಿದ ಕೂಸಿಗೆ ಕೊಟ್ಟ ಹಾಗೆ.

ಅದಕ್ಕೆ ನೀನು ಹಳೆಯ ಪದ್ಧತಿ ಅಂತ ಬರೆದೆ. ನಿನಗೆ ಹುದ್ದೆ, ಜೊತೆಗೆ ಸಿಮ್ ಇರೋ ಹೊಸ ಟ್ಯಾಬು. ಹೊಸದು ಬಂದ ದಿನ ಮನೆಗೆ ತಂದು ಅಣ್ಣನಿಗೆ ತೋರಿಸಿದೆ. ‘ಇನ್ನು ಯಾರ ಹಂಗೂ ಇಲ್ಲ’ ಅಂದೆ. ನಾನು ಅಲ್ಲೇ ನೆಲ ಒರೆಸ್ತಾ ಇದ್ದೆ. ನೀನು ಕಾಲೆತ್ತಿ ಜಾಗ ಬಿಟ್ಟೆ. ಮಾತಿಗೆ ಜಾಗ ಬಿಡಲಿಲ್ಲ.

ಹ್ಞಾಂ, ಈಗ ಬಂತು ನೆನಪು. ಮೊದಲ ಸಲ ಆ ಹೊಸ ಟ್ಯಾಬು ಹಿಡಿದು ಗುಂಡಿಗಿಳಿದೆಯಲ್ಲ, ಕಾಲೇಜು ಕಟ್ಟಡದಲ್ಲಿ. ನಾನು ಮೇಲೆ ನಿಂತು ನೋಡ್ತಿದ್ದೆ. ನಾಲ್ಕು ಕಡೆ ಕಾಂಕ್ರೀಟು, ತಲೆ ಮೇಲೆ ಕಬ್ಬಿಣದ ಪೆಟ್ಟಿಗೆ. ಅಲ್ಲಿಗೆ ಎಲ್ಲಿಯ ಟವರು, ಎಲ್ಲಿಯ ಸಿಗ್ನಲ್ಲು? ಗ್ಯಾಲರಿಯಲ್ಲಿರೋ ಫೋಟೋನ ಟ್ಯಾಬಿನ ವರದಿ ಫಾರಂ ತಗೊಳ್ಳಲ್ಲ. ನಿಂತ ಜಾಗದಲ್ಲೇ ತೆಗೀಬೇಕು, ಆ ಕ್ಷಣವೇ ಕಳಿಸಬೇಕು, ಕಳಿಸೋಕಾಗದಿದ್ದರೆ ಆ ಸಾಲು ಮುಚ್ಚಿಕೊಳ್ಳುತ್ತೆ. ಮುಖ್ಯ ಪರೀಕ್ಷಕರು ಟ್ಯಾಬನ್ನ ತಲೆ ಮೇಲೆತ್ತಿ, ಮೂಲೆಮೂಲೆಗೆ ತಿರುಗಿ... ಒಂದು ಗೀಟೂ ಇಲ್ಲ. ಮೂರು ಸಲ ಏಣಿ ಹತ್ತಿ ಇಳಿದಿರಿ. ಕಾಲೇಜಿನ ಕಾವಲುಗಾರ ಕೇಳಿದ, ಏನಕ್ಕಾ, ಅವರು ಒಳಗೆ ಏನು ಹುಡುಕ್ತಾ ಇದಾರೆ ಅಂತ. ದೇವರನ್ನ ಅಂದೆ.

ನಮ್ಮ ಹಳೆಯ ಪದ್ಧತಿ ಏನಿತ್ತು? ನನ್ನ ಫೋನನ್ನ ಕೈಚೀಲಕ್ಕೆ ಹಾಕಿ, ಕೆಳಮಹಡಿಯ ಲಿಫ್ಟ್ ಬಾಗಿಲಿಗೆ ನೇತುಹಾಕೋದು. ಅಲ್ಲಿ ಟವರು ಸಿಗುತ್ತೆ. ಅಲ್ಲಿಂದ ಗುಂಡಿಗೆ ಹತ್ತೇ ಅಡಿ. ಫೋನು ಹೊರಗಿಂದ ತಗೊಂಡು ಒಳಗೆ ಬಡಿಸುತ್ತೆ. ಕಂಡುಹಿಡಿದವಳು ಯಾರು? ನಾನು. ಸಿಮ್ ಇರೋ ಯಾವ ಟ್ಯಾಬಿಗೂ ಆಗದ ಕೆಲಸ. ಈಗ ಲಿಫ್ಟು ಬಿದ್ದಿರೋ ಆ ಐದು ಮಹಡಿ ಕಟ್ಟಡದ ಗುಂಡಿಯಂತೂ ಎಲ್ಲಕ್ಕಿಂತ ಆಳ, ಬಾವಿ ಇದ್ದ ಹಾಗೆ. ಅಲ್ಲಿಂದ ಒಂದು ಫೋಟೋ ಆಚೆ ಹೋಗಬೇಕಾದರೆ ನನ್ನ ಫೋನೇ ಬೇಕು. ನನ್ನ ಫೋನು ಬಾಗಿಲಲ್ಲಿ ಇದ್ದರೆ ಮಾತ್ರ ಆಗೋದು. ಇಲ್ಲದಿದ್ದರೆ ಯಾರಪ್ಪನ ಕೈಲೂ...

ಏನು?

ಯಾಕೆ ಹಾಗೆ ತಲೆ ಎತ್ತಿದೆ?

ಸುಮ್ಮನೆ ಅಂತೀಯ. ಸುಮ್ಮನೆ ನೋಡೋ ಮುಖ ಅಲ್ಲ ಅದು. ನಿನ್ನ ಮುಖ ನನಗೆ ಗೊತ್ತು, ಇಪ್ಪತ್ತೆರಡು ವರ್ಷ ಊಟ ಬಡಿಸಿದ್ದೀನಿ.

ಏನದು, ಟ್ಯಾಬ್ ಯಾಕೆ ತೆಗೀತೀಯ? ಕನ್ನಡಕ ಇಲ್ಲ ನನ್ನ ಹತ್ರ. ಇಲ್ಲಿದೆ, ಇಲ್ಲಿದೆ, ತಲೆ ಮೇಲೆ. ಕೊಡು.

ಇದು ಆ ಕಟ್ಟಡದ ವರದಿ. ನನ್ನ ಹತ್ರಾನೂ ಇದೆ ಇದು. ... ಇಲ್ಲ, ನನ್ನದರಲ್ಲಿ ಈ ಕೊನೆಯ ಎರಡು ಕಾಲಂ ಇಲ್ಲ. ಮುಖ್ಯ ಪರೀಕ್ಷಕರಿಗೆ ಮಾತ್ರ ಕಾಣುತ್ತೇನೋ. ಇದು ಹೊತ್ತು. ಪ್ರತಿ ಸಾಲಿಗೂ ಹೊತ್ತು ಬೇರೆ ಹಾಕಿದೆಯಾ? ಇದು... ಯಾವ ನೆಟ್‌ನಿಂದ ಬಂತು ಅಂತ.

‘ಅತ್ತಿಗೆ.’ ‘ಅತ್ತಿಗೆ.’ ‘ಅತ್ತಿಗೆ.’ ನಿನ್ನ ಭಾಗದ ಹದಿನೇಳನೇ ಸಾಲಿಂದ ಮೂವತ್ತೆರಡರ ತನಕ, ಎಲ್ಲದಕ್ಕೂ ‘ಅತ್ತಿಗೆ.’

ಹೌದು, ನನ್ನ ಹಾಟ್‌ಸ್ಪಾಟಿನ ಹೆಸರು ಅದು. ನೀನೇ ಇಟ್ಟಿದ್ದು. ಅದಕ್ಕೇನೀಗ? ನಿನ್ನ ಟ್ಯಾಬು ನನ್ನ ಫೋನಿಗೆ ತಾನಾಗೇ ಅಂಟಿಕೊಳ್ಳುತ್ತೆ. ಎಲ್ಲರಿಗೂ ಗೊತ್ತಿರೋ ಸಂಗತಿ.

ನೀನು ದೊಡ್ಡ ಕಚೇರಿಯಲ್ಲಿ ಇದ್ದೆ, ನಿನ್ನ ಟ್ಯಾಬು ನನ್ನ ಫೋನಿಂದ ಹತ್ತಡಿ ದೂರದಲ್ಲಿತ್ತು. ಅಷ್ಟೇ ತಾನೇ ನೀನು ಹೇಳೋಕೆ ಹೊರಟಿರೋದು? ಹೇಳೋಕೆ ಹೊರಡಲೂ ಇಲ್ಲ ನೀನು.

ಸರಿ. ಹೌದು. ನಾನೇ ಇಳಿದೆ. ಟ್ಯಾಬು ನನ್ನ ಕೈಗೆ ಕೊಟ್ಟು, ಅದರ ಗುಟ್ಟಿನ ನಂಬರೂ ಹೇಳಿ ಹೋದವನು ನೀನು. ‘ನನ್ನ ಭಾಗಾನೂ ನೋಡಿಬಿಡಿ ಅತ್ತಿಗೆ, ರಜೆ ಹಾಕಿದರೆ ಬೈತಾರೆ’ ಅಂದೆ. ಹಲ್ಲುನೋವಿನವನ ಮೇಲೆ ಕನಿಕರ ಬಂತು, ಒಪ್ಪಿಕೊಂಡೆ. ತಪ್ಪೇ ಇರಬಹುದು. ಒಬ್ಬಳೇ ಗುಂಡಿಗಿಳಿಯೋದು ನಿಯಮಕ್ಕೆ ವಿರುದ್ಧ, ಇನ್ನೊಬ್ಬರು ಬಾಗಿಲಲ್ಲಿ ನಿಂತು ಸ್ವಿಚ್ಚು ಕಾಯಬೇಕು. ನಾನು ಸ್ವಿಚ್ಚಿಗೇ ಬೀಗ ಹಾಕಿ ಇಳಿದೆ. ಮಂಡಿನೋವು ಬೇರೆ. ನಿನಗೋಸ್ಕರ ಇಳಿದೆ. ಇದನ್ನ ನಾಳೆ ಹೇಳ್ತೀಯ? ಹೇಳು. ಆಗ ನೀನು ಸಂದರ್ಶನಕ್ಕೆ ಹೋಗಿ ಸಹಿ ನನ್ನ ಕೈಲಿ ಹಾಕಿಸಿದ್ದೂ ಬರುತ್ತೆ. ಇಬ್ಬರೂ ಹೋಗ್ತೀವಿ. ನನಗೆ ಏನೂ ಬೇಜಾರಿಲ್ಲ. ನೀನು ಹೋದರೆ ಸಾಕು.

ಮತ್ತೇನು ಬೆರಳಿಡ್ತಾ ಇದ್ದೀಯ? ಹದಿನೆಂಟು, ಹತ್ತೊಂಬತ್ತು...

ಹದಿನೆಂಟು ಹೋಗಿದ್ದು ಹತ್ತು ನಲವತ್ತೊಂದಕ್ಕೆ. ಹತ್ತೊಂಬತ್ತು, ಹತ್ತು ಐವತ್ತಾರಕ್ಕೆ. ಹದಿನೈದು ನಿಮಿಷ. ಆಯ್ತು, ಹದಿನೈದು ನಿಮಿಷ. ಸುಧಾರಿಸ್ಕೊಂಡಿರ್ತೀನಿ. ನಾನು ನಿಧಾನ ಅಲ್ವಾ, ನೀನೇ ಬರೆದಿದ್ದೀಯ.

ನಗು ಈಗ. ನಗಲ್ವಾ.

ನಿನಗೆ ಗೊತ್ತು. ಈ ಫೋನಿಗೆ ಕರೆ ಬಂದರೆ ಹಾಟ್‌ಸ್ಪಾಟ್ ನಿಂತುಬಿಡುತ್ತೆ. ಮಾತು ಮುಗಿಯೋ ತನಕ ನೆಟ್ ಇಲ್ಲ. ಗುಂಡಿಯೊಳಗಿಂದ ‘ಫೋನಿಡಿ ಅತ್ತಿಗೆ’ ಅಂತ ನೀನು ಎಷ್ಟು ಸಲ ಕಿರುಚಿಲ್ಲ. ಸಿಮ್ ಇರೋ ಟ್ಯಾಬಾಗಿದ್ದರೆ ನನ್ನ ಫೋನಿಗೆ ಕರೆ ಬಂದಿದ್ದು ವರದಿಯಲ್ಲಿ ಹೀಗೆ ಕಾಣ್ತಿರಲಿಲ್ಲ.

ಬಂತು ಒಂದು ಕರೆ. ಚೀಲದೊಳಗೆ ಬಡ್ಕೊಳ್ತಾ ಇತ್ತು. ಏಣಿ ಹತ್ತಿ ತಗೊಂಡೆ. ದೊಡ್ಡ ಕಚೇರಿಯಲ್ಲಿ ಟೈಪ್ ಮಾಡೋ ಹೆಂಗಸು, ನನ್ನ ಜೊತೆ ಕೆಲಸಕ್ಕೆ ಸೇರಿದವಳು. ‘ನಿಮ್ಮ ಮೈದುನ ಇಲ್ಲಿ ಕೂತಿದ್ದಾರಲ್ಲಾ, ನೀವು ಯಾಕೆ ಅರ್ಜಿ ಹಾಕಲಿಲ್ಲ? ನಿಮಗೇ ಆಗಬೇಕಿತ್ತಲ್ಲ ಈ ಹುದ್ದೆ’ ಅಂದಳು. ನನಗೆ ಗೊತ್ತೇ ಇಲ್ಲ ಅಂದೆ. ಅವಳಿಗೆ ತಡೀಲಿಲ್ಲ. ನಿನ್ನ ಅರ್ಜಿ ತೆಗೆದು ಓದಿದಳು. ನಿಧಾನ, ಹೊಂದಿಕೊಳ್ಳಲು ಕಷ್ಟ, ಹಳೆಯ ಪದ್ಧತಿ. ಒಂದೊಂದೇ ಪದ. ನಾನು ಗುಂಡಿಯ ಬಾಯಲ್ಲಿ ನಿಂತಿದ್ದೆ, ಒಂದು ಕೈಲಿ ನಿನ್ನ ಟ್ಯಾಬು, ಇನ್ನೊಂದು ಕೈಲಿ ಫೋನು. ಕೈಯೆಲ್ಲ ಗ್ರೀಸು. ನಿನ್ನ ಕೆಲಸದ ಗ್ರೀಸು.

ಆಮೇಲೆ ಇಳಿದೆ. ಹತ್ತೊಂಬತ್ತರಿಂದ ಮೂವತ್ತೆರಡು ಮುಗಿಸಿದೆ. ಅಷ್ಟೇ ಕಥೆ.

ಅಷ್ಟೇ.

ಮಾತಾಡೋ ಏನಾದ್ರೂ. ಬೈಯಿ. ‘ಸಂದರ್ಶನದ ವಿಷಯ ಆಮೇಲೆ ಗೊತ್ತಾಯ್ತು ಅಂತ ಇಷ್ಟು ದಿನ ನನಗೆ ಸುಳ್ಳು ಹೇಳಿದ್ರಲ್ಲ’ ಅನ್ನು. ನಿಮ್ಮಣ್ಣನೂ ಹೀಗೇ, ಸುಮ್ಮನಿದ್ದು ಕೊಲ್ತಾರೆ.

ಸಾಲು ನೋಡ್ತಾ ಇದ್ದೀಯ ನೀನು. ಕರೆ ಬರೋ ಮುಂಚೆ ಎರಡೇ ಸಾಲು, ಒಂದೊಂದಕ್ಕೂ ಆರಾರು ನಿಮಿಷ, ಪಕ್ಕದಲ್ಲಿ ಷರಾ. ‘ತಳದಲ್ಲಿ ಅರ್ಧ ಇಂಚು ನೀರು, ಒರೆಸಬೇಕು.’ ‘ಸ್ಪ್ರಿಂಗ್ ಬೋಲ್ಟು ಬಿಗಿ ಮಾಡಿದೆ.’ ಅದು ನನ್ನ ಬರವಣಿಗೆ. ಕರೆ ಆದಮೇಲೆ ನಿಮಿಷಕ್ಕೊಂದು. ಸರಿ, ಸರಿ, ಸರಿ, ಸರಿ. ಷರಾ ಇಲ್ಲ. ಹದಿನಾಲ್ಕು ನಿಮಿಷದಲ್ಲಿ ಹದಿನಾಲ್ಕು ಸಾಲು.

ಇಪ್ಪತ್ತಾರನೇ ಸಾಲು ಕ್ಲಾಂಪಿಂದು. ಫೋಟೋ ದೊಡ್ಡದು ಮಾಡಬೇಡ. ಎಡದವಡೆ ಅದು. ಎಡದವಡೆ ಚೆನ್ನಾಗಿತ್ತು.

ಬಲದ್ದೂ ನೋಡಿದೆ.

ಬೆರಳಿಂದ ಒತ್ತಿ ನೋಡಿದೆ, ಅಲುಗಲಿಲ್ಲ. ಸ್ಪ್ಯಾನರಿಂದ ಬಡಿದೆ, ತುಕ್ಕು ಉದುರಿತು, ದವಡೆ ಅಲುಗಲಿಲ್ಲ. ಇನ್ನೊಂದು ದಿನವಾಗಿದ್ದರೆ ಅಲ್ಲೇ ಲಿಫ್ಟು ನಿಲ್ಲಿಸಿ ಕೆಂಪು ಚೀಟಿ ಅಂಟಿಸಿ ಬರ್ತಿದ್ದೆ. ಅವತ್ತು ಎಡಕ್ಕೆ ತಿರುಗಿ ಫೋಟೋ ತೆಗೆದೆ. ಸರಿ ಅಂತ ಒತ್ತಿದೆ. ಕೆಳಗೆ ನಿನ್ನ ಹೆಸರು ಬಂತು. ಹೊತ್ತಿನ ಜೊತೆ, ದಿನಾಂಕದ ಜೊತೆ, ಎಷ್ಟು ಅಚ್ಚುಕಟ್ಟಾಗಿ ಬಂತು. ನೋಡ್ತಾ ನಿಂತೆ.

ಎರಡು ದಿನ ಅಂದ್ಕೊಂಡಿದ್ದೆ, ಕಣೋ. ಎರಡೇ ದಿನ. ಮರುಪರಿಶೀಲನೆಗೆ ಯಾರಾದರೂ ಬರ್ತಾರೆ, ಬಲದವಡೆ ಕಾಣುತ್ತೆ, ನೀನು ಸಿಕ್ಕಿಬೀಳ್ತೀಯ, ಆ ಹುದ್ದೆ ಹಾಳಾಗುತ್ತೆ. ಅಷ್ಟೇ ಬೇಕಿತ್ತು ನನಗೆ. ಯಾರೂ ಬರಲಿಲ್ಲ. ನಾನೇ ಫೋನು ಮಾಡಿ ಹೇಳಬಹುದಿತ್ತು. ಅಷ್ಟರಲ್ಲಿ ನಿನ್ನ ನೇಮಕದ ಕಾಗದ ಬಂತು, ಮನೆಯಲ್ಲಿ ಎಲ್ಲರೂ ನಗ್ತಾ ಇದ್ದರು, ನಾನು ಟೀ ಮಾಡ್ತಾ ಇದ್ದೆ. ಇನ್ನೊಂದು ವಾರ ಅಂದ್ಕೊಂಡೆ. ಆಮೇಲೆ ಹೊಸ ಟ್ಯಾಬು ಬಂತು. ಆಮೇಲೆ... ಹದಿನಾಲ್ಕು ವಾರ. ಆ ಬೀದಿಗೆ ನಾನು ಹೋಗಲೇ ಇಲ್ಲ. ಸುತ್ತಿ ಹೋಗೋ ಬಸ್ಸು ಹತ್ತಿಕೊಳ್ತಿದ್ದೆ.

ನಿನಗೆ ಇದೆಲ್ಲ ಮೊದಲೇ ಗೊತ್ತಿತ್ತು. ಅಲ್ವಾ. ಇದನ್ನ ಓದಿಕೊಂಡೇ ಬಂದಿದ್ದೀಯ. ಉಳಿಸಿ ಅಂತ ಕೇಳೋಕೆ ಬಂದವನಲ್ಲ ನೀನು. ಇದನ್ನ ನಾನೇ ಕೇಳಿಸ್ಕೋಬೇಕು, ನನ್ನ ಬಾಯಿಂದಲೇ, ಅಂತ ಕಾಯ್ತಾ ಕೂತಿದ್ದೆ ನೀನು.

ಎದ್ದೆಯಾ? ಟ್ಯಾಬು ತಗೊಂಡು ಹೋಗು. ಇಲ್ಲೇ ಬಿಡ್ತೀಯಾ... ಬೇಡ, ಇಲ್ಲಿ ಬಿಡಬೇಡ.

ಅವಳು ಏನಂದಳು? ಆಸ್ಪತ್ರೆಯಲ್ಲಿ. ಅಷ್ಟಾದರೂ ಹೇಳು. ನನ್ನ ವಿಷಯ ಏನಾದರೂ...

ಹೇಳಿದ್ದಾಳೆ. ನಿನ್ನ ಮುಖ ಹೇಳ್ತಾ ಇದೆ.

ಅವತ್ತು ಗುಂಡಿಯಿಂದ ಮೇಲೆ ಬಂದು ಬೀಗ ತೆಗೆದು ಸ್ವಿಚ್ಚು ಹಾಕಿದೆ. ಬಾಗಿಲ ಮುಂದೆ ಅವಳೊಬ್ಬಳೇ ನಿಂತಿದ್ದಳು, ಬಟ್ಟೆಯ ಗಂಟು ಎರಡು ಕೈಲಿ ತಬ್ಬಿಕೊಂಡು, ಮುಕ್ಕಾಲು ಗಂಟೆಯಿಂದ ಕಾಯ್ತಾ ಇದ್ದಳಂತೆ. ಮೆಟ್ಟಿಲು ಹತ್ತೋಕೆ ಆಗಲ್ಲ ಅಂದಳು. ನನ್ನ ಕೈಯ ಗ್ರೀಸು ನೋಡಿ, ಒಳಗೆ ಕಾಲಿಡೋ ಮುಂಚೆ ನಿಂತಳು. ‘ಪೂರ್ತಿ ನೋಡಿದ್ರಾ ಅಕ್ಕಾ, ಹತ್ತಬಹುದಾ?’ ಅಂತ ಕೇಳಿದಳು.

ನೋಡಿದ್ದೀನಿ, ಹತ್ತಿ ಅಂದೆ. ಗಂಟು ಜಾರ್ತಾ ಇತ್ತು, ಎತ್ತಿ ಒಳಗಿಟ್ಟು, ನಾಲ್ಕನೇ ಮಹಡಿಯ ಗುಂಡಿ ನಾನೇ ಒತ್ತಿದೆ.